ಕೊನೆಯ ದಿನಗಳ ಆರೈಕೆಯಲ್ಲಿ ಅರೋಮಾಥೆರಪಿ: ಅಪ್ಪನ ಕೋಣೆಗೆ ಏನು ಮಾಡಬಹುದು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು. ಅಪ್ಪನಿಗೆ ದವಡೆಯ ಕ್ಯಾನ್ಸರ್. ಆಪರೇಷನ್, ರೇಡಿಯೇಷನ್ ಎರಡೂ ಆಗಿದ್ದವು. ಈಗ ಮತ್ತೆ ಬಂದಿದೆ. ಇನ್ನು ವಾಸಿ ಮಾಡುವ ಚಿಕಿತ್ಸೆ ಇಲ್ಲ, ಮನೆಯಲ್ಲೇ ನೆಮ್ಮದಿಯಾಗಿ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ಮಾರ್ಫಿನ್ ಮಾತ್ರೆ ನಡೆಯುತ್ತಿದೆ. ನೋವು ಹೆಚ್ಚುಕಮ್ಮಿ ಹಿಡಿತದಲ್ಲಿದೆ.

ಕಷ್ಟ ಆಗಿರುವುದು ವಾಸನೆಯಿಂದ. ಕೆನ್ನೆಯ ಮೇಲೆ ಗಾಯ ಒಡೆದಿದೆ. ಅಮ್ಮ ಬೆಳಗಿನಿಂದ ರಾತ್ರಿವರೆಗೆ ಊದುಬತ್ತಿ ಹಚ್ಚಿಡುತ್ತಾರೆ. ಆ ಹೊಗೆಗೆ ಅಪ್ಪನಿಗೆ ಕೆಮ್ಮು ಬರುತ್ತದೆ. ಬೆಂಗಳೂರಿನಿಂದ ಅತ್ತಿಗೆ ಲ್ಯಾವೆಂಡರ್ ಹೂವಿನ ಎಣ್ಣೆ, ಜೊತೆಗೆ ಅದರ ಪರಿಮಳವನ್ನು ಕೋಣೆಗೆ ಹರಡುವ ಒಂದು ಡಿಫ್ಯೂಸರ್ ಕಳಿಸಿದ್ದಾರೆ. ವಿದೇಶದ ಹಾಸ್ಪೈಸ್‌ಗಳಲ್ಲಿ (ಕೊನೆಯ ದಿನಗಳ ರೋಗಿಗಳನ್ನು ನೋಡಿಕೊಳ್ಳುವ ಕೇಂದ್ರಗಳು) ಇಂಥ ಪರಿಮಳದ ಆರೈಕೆ, ಅಂದರೆ ಅರೋಮಾಥೆರಪಿ, ಬಳಸುತ್ತಾರಂತೆ, ನೋವು ಆತಂಕ ಎರಡೂ ಕಮ್ಮಿ ಆಗುತ್ತದಂತೆ. ನಿಜವಾ? ಹಚ್ಚಬಹುದಾ?

ನನ್ನ ಮಗ ಸಣ್ಣವನು. ಅಜ್ಜನ ಕೋಣೆಗೆ ಹೋಗಲು ಹಿಂದೆಮುಂದೆ ನೋಡುತ್ತಾನೆ. ಅಪ್ಪ ಅದನ್ನು ಗಮನಿಸಿದ್ದಾರೆ. ಯಾರಾದರೂ ಬಾಗಿಲಿಗೆ ಬಂದರೆ ಸಾಕು, ಟವೆಲ್‌ನಿಂದ ಕೆನ್ನೆ ಮುಚ್ಚಿಕೊಂಡು ಗೋಡೆ ಕಡೆ ತಿರುಗಿಬಿಡುತ್ತಾರೆ. ಇದನ್ನು ನೋಡಲು ಆಗುತ್ತಿಲ್ಲ.

ಮನೆಮನೆ ನರ್ಸ್

ನಾನು ಪ್ಯಾಲಿಯೇಟಿವ್ ಹೋಮ್ ಕೇರ್ ತಂಡದಲ್ಲಿ, ಅಂದರೆ ವಾಸಿಯಾಗದ ಕಾಯಿಲೆಯವರ ಸಂಕಟ ಇಳಿಸಲು ಮನೆಗೇ ಹೋಗುವ ತಂಡದಲ್ಲಿ ಕೆಲಸ ಮಾಡುತ್ತೇನೆ. ಬಾಯಿ, ದವಡೆ, ಕುತ್ತಿಗೆ, ಸ್ತನದ ಕ್ಯಾನ್ಸರ್ ಗಾಯಗಳನ್ನು ದಿನಾ ನೋಡುತ್ತೇನೆ. ಲ್ಯಾವೆಂಡರ್ ಬಾಟಲಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಗಾಯದ ಬಗ್ಗೆ ಮಾತಾಡೋಣ.

ಆ ವಾಸನೆ ಬರುವುದು ಗಾಯದ ಸತ್ತ ಮಾಂಸದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದಿಂದ. ಗಾಳಿ ಇಲ್ಲದ ಕಡೆ ಬೆಳೆಯುವ ಜಾತಿಯವು ಅವು. ಅವುಗಳಿಗೆ ಮದ್ದಿದೆ. ಮೆಟ್ರೋನಿಡಜೋಲ್ ಎಂಬ ಸಾಮಾನ್ಯ ಮಾತ್ರೆ, ಎಲ್ಲ ಮೆಡಿಕಲ್ ಶಾಪ್‌ನಲ್ಲೂ ಸಿಗುತ್ತದೆ, ಬೆಲೆಯೂ ಕಮ್ಮಿ. ಅದನ್ನು ನುಣ್ಣಗೆ ಪುಡಿ ಮಾಡಿ, ಗಾಯ ತೊಳೆದ ಮೇಲೆ ಉದುರಿಸಿ ಡ್ರೆಸ್ಸಿಂಗ್ ಮಾಡುತ್ತೇವೆ. ಜೆಲ್ ರೂಪದಲ್ಲೂ ಬರುತ್ತದೆ. ಗಾಯ ಬಾಯಿಯೊಳಗೂ ತೂತಾಗಿದ್ದರೆ ಡಾಕ್ಟರು ನುಂಗಲು ಕೊಡಬಹುದು. ಎಷ್ಟು, ಹೇಗೆ ಎಂದು ನಿಮ್ಮ ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಕೆಲವೇ ದಿನಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ತೊಳೆಯುವುದಕ್ಕೆ ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು ಸಾಕು. ಹಳೆಯ ಬಟ್ಟೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಅದೇ ಉಪ್ಪುನೀರಿನಿಂದ ಚೆನ್ನಾಗಿ ನೆನೆಸಿ, ತಾನಾಗಿ ಬಿಟ್ಟುಕೊಳ್ಳುವವರೆಗೆ ಕಾಯಿರಿ. ಎಳೆದರೆ ರಕ್ತ ಬರುತ್ತದೆ. ಡ್ರೆಸ್ಸಿಂಗ್‌ಗೆ ಅರ್ಧ ಗಂಟೆ ಮೊದಲು ಮಾರ್ಫಿನ್ ಹೊತ್ತು ಬರುವಂತೆ ಹೊಂದಿಸಿಕೊಳ್ಳಿ, ಆಗ ಅಪ್ಪನಿಗೆ ತಡೆದುಕೊಳ್ಳಲು ಸುಲಭ. ನೊಣ ಕೂರದಂತೆ ಸೊಳ್ಳೆಪರದೆ ಕಟ್ಟಿ. ಮಂಚದ ಕೆಳಗೆ ಅಗಲ ಬುಟ್ಟಿಯಲ್ಲಿ ಇದ್ದಿಲು ಹಾಕಿಡಿ. ವಾಸನೆಯನ್ನು ಅದು ಸ್ವಲ್ಪ ಎಳೆದುಕೊಳ್ಳುತ್ತದೆ.

ಇನ್ನೊಂದು ಮಾತು. ಇಂಥ ಗಾಯದಿಂದ ಒಮ್ಮೊಮ್ಮೆ ಇದ್ದಕ್ಕಿದ್ದ ಹಾಗೆ ರಕ್ತ ಬರಬಹುದು. ಕಡುಬಣ್ಣದ ಟವೆಲ್ ಒಂದೆರಡು ಕೈಗೆ ಸಿಗುವಲ್ಲಿ ಇಟ್ಟಿರಿ. ಬಿಳಿ ಬಟ್ಟೆಯ ಮೇಲೆ ಕೆಂಪು ಕಂಡರೆ ರೋಗಿಯೂ ಮನೆಯವರೂ ತುಂಬ ಹೆದರುತ್ತಾರೆ. ಹಾಗೇನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಎಂದು ಇವತ್ತೇ ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಇಷ್ಟಾದ ಮೇಲೆ ಪರಿಮಳದ ಮಾತು. ಗಾಯ ಹಾಗೇ ಬಿಟ್ಟು ಅದರ ಮೇಲೆ ಪರಿಮಳ ಹಾಕಿದರೆ ಎರಡೂ ಸೇರಿ ಇನ್ನೊಂದು ಕೆಟ್ಟ ವಾಸನೆ ಆಗುತ್ತದೆ. ಎಷ್ಟೋ ಮನೆಗಳಲ್ಲಿ ಕದ ತೆರೆದ ತಕ್ಷಣ ಊದುಬತ್ತಿ, ಫಿನಾಯಿಲು, ಗಾಯ ಮೂರೂ ಒಟ್ಟಿಗೆ ಮೂಗಿಗೆ ಬಡಿಯುತ್ತವೆ. ರೋಗಿ ಅದರೊಳಗೇ ಇಡೀ ದಿನ ಮಲಗಿರುತ್ತಾರೆ.

ಗುಳಿಗೆ ಅಂಗಡಿ

ನಾನು ಫಾರ್ಮಸಿಸ್ಟ್. ಮನೆಮನೆ ನರ್ಸ್ ಹೇಳಿದ್ದಕ್ಕೆ ನೂರಕ್ಕೆ ನೂರು ಒಪ್ಪಿಗೆ. ಲ್ಯಾವೆಂಡರ್ ನೋವು ಕಮ್ಮಿ ಮಾಡುತ್ತದಾ ಎಂಬ ಪ್ರಶ್ನೆಗೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

2004ರಲ್ಲಿ ಇಂಗ್ಲೆಂಡಿನಲ್ಲಿ ಹಾಸ್ಪೈಸ್ ರೋಗಿಗಳ ಮೇಲೆ ಒಂದು ಪರೀಕ್ಷೆ ನಡೆದಿತ್ತು. 42 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಲ್ಯಾವೆಂಡರ್ ಸೇರಿಸಿದ ಎಣ್ಣೆಯ ಮಸಾಜ್, ಇನ್ನೊಂದಕ್ಕೆ ಬರೀ ಎಣ್ಣೆಯ ಮಸಾಜ್, ಮೂರನೆಯದಕ್ಕೆ ಏನೂ ಇಲ್ಲ. ನೋವಿನಲ್ಲಿ ಬಹುಕಾಲ ನಿಲ್ಲುವ ಇಳಿಕೆ ಕಾಣಲಿಲ್ಲ. ಆದರೆ ನಿದ್ದೆ ಸುಧಾರಿಸಿತು, ಅದೂ ಎರಡೂ ಮಸಾಜ್ ಗುಂಪುಗಳಲ್ಲಿ. ಅಂದರೆ ಲ್ಯಾವೆಂಡರ್ ಇಲ್ಲದಿದ್ದರೂ ಕೈಯ ಸ್ಪರ್ಶಕ್ಕೇ ನಿದ್ದೆ ಬಂತು.

2007ರಲ್ಲಿ ಅದೇ ದೇಶದಲ್ಲಿ 288 ಕ್ಯಾನ್ಸರ್ ರೋಗಿಗಳ ದೊಡ್ಡ ಪರೀಕ್ಷೆ ಬಂತು. ಅರೋಮಾಥೆರಪಿ ಮಸಾಜ್ ಪಡೆದವರಲ್ಲಿ ಆತಂಕ, ಮಂಕುತನ 6 ವಾರದ ಹೊತ್ತಿಗೆ ಕಮ್ಮಿ ಆಗಿತ್ತು. 10 ವಾರದ ಹೊತ್ತಿಗೆ ಆ ವ್ಯತ್ಯಾಸ ಉಳಿದಿರಲಿಲ್ಲ. 2016ರಲ್ಲಿ, ವೈದ್ಯಕೀಯ ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ನೋಡಿ, ಸಾಕ್ಷ್ಯ ತೀರಾ ದುರ್ಬಲ, ಗಟ್ಟಿಯಾಗಿ ಏನೂ ಹೇಳಲಾಗದು ಎಂದರು.

ಹಾಗಾಗಿ ನನ್ನ ಮಾತು ಇಷ್ಟೇ. ಇದು ನೋವಿನ ಮದ್ದಲ್ಲ. ಲ್ಯಾವೆಂಡರ್ ಇದೆ ಎಂದು ಮಾರ್ಫಿನ್ ಒಂದು ಹೊತ್ತು ತಪ್ಪಿಸುವವರನ್ನು ಅಂಗಡಿಯಲ್ಲಿ ನೋಡಿದ್ದೇನೆ. ಮಾರ್ಫಿನ್ ಅಭ್ಯಾಸ ಆಗಿಬಿಡುತ್ತದೆ ಎಂಬ ಭಯ ಅವರಿಗೆ. ದಯವಿಟ್ಟು ಹಾಗೆ ಮಾಡಬೇಡಿ. ನೋವಿಗೆ ತಕ್ಕಂತೆ, ಹೊತ್ತು ಹೊತ್ತಿಗೆ ಕೊಡುವ ಮಾರ್ಫಿನ್ ಈ ಹಂತದಲ್ಲಿ ಅವರ ಹಕ್ಕು. ಮಲಬದ್ಧತೆ ಮಾತ್ರ ಬಹುತೇಕ ಎಲ್ಲರಿಗೂ ಆಗುತ್ತದೆ. ಅದಕ್ಕೆ ಮೊದಲ ದಿನದಿಂದಲೇ ಔಷಧಿ ಕೇಳಿ ಪಡೆಯಿರಿ.

ಲೀಡ್ಸ್‌ನಲ್ಲಿರುವ ಮಂಗಳೂರಿನವಳು

ಗುಳಿಗೆ ಅಂಗಡಿಯವರೇ, ಲೆಕ್ಕ ಸರಿಯಾಗಿ ಹೇಳಿದಿರಿ. ಆದರೆ 6 ವಾರಕ್ಕೆ ಇದ್ದದ್ದು 10 ವಾರಕ್ಕೆ ಇರಲಿಲ್ಲ ಎನ್ನುವುದನ್ನು ನಾನು ಬೇರೆ ಥರ ಓದುತ್ತೇನೆ. ನಮ್ಮಲ್ಲಿಗೆ ಬರುವ ಎಷ್ಟೋ ಜನರಿಗೆ ಉಳಿದಿರುವುದೇ ಕೆಲವು ವಾರ. ಅವರಿಗೆ ಆ 6 ವಾರ ಸಣ್ಣದಲ್ಲ.

ನಾನು ಇಲ್ಲಿ ಇಂಗ್ಲೆಂಡಿನಲ್ಲಿ ಹಾಸ್ಪೈಸ್ ನರ್ಸ್. ಇಲ್ಲಿನ ಬಹಳಷ್ಟು ಹಾಸ್ಪೈಸ್‌ಗಳಲ್ಲಿ ಅರೋಮಾಥೆರಪಿ ಇದೆ, ಆದರೆ ಔಷಧಿಯ ಜಾಗದಲ್ಲಿ ಅಲ್ಲ, ಔಷಧಿಯ ಜೊತೆಗೆ. ಹೊರಗಿನವರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಡಿಫ್ಯೂಸರ್ ಕಂಡರೆ ನನಗೆ ಅಷ್ಟು ಇಷ್ಟವಿಲ್ಲ. ಕೋಣೆ ತುಂಬ ಪರಿಮಳ ಹರಡಿದರೆ ಬೇಡ ಎನ್ನುವವರು ಎಲ್ಲಿಗೆ ಹೋಗಬೇಕು? ಹಾಸಿಗೆ ಹಿಡಿದವರು ಎದ್ದು ಹೊರಗೆ ಹೋಗುವ ಹಾಗಿಲ್ಲ ಅಲ್ವಾ. ಮ್ಯಾಂಚೆಸ್ಟರಿನ ಕ್ರಿಸ್ಟಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅರೋಮಾಸ್ಟಿಕ್ ಎಂಬುದನ್ನು ಬಳಸುತ್ತಾರೆ. ನಮ್ಮ ವಿಕ್ಸ್ ಇನ್‌ಹೇಲರ್ ಇದೆಯಲ್ಲ, ಅಂಥದ್ದೇ ಸಣ್ಣ ಕೊಳವೆ. ಒಳಗಿನ ಬತ್ತಿಗೆ ಎಣ್ಣೆ ಹನಿಸಿರುತ್ತಾರೆ. ಬೇಕೆನಿಸಿದಾಗ ರೋಗಿಯೇ ಮೂಗಿನ ಹತ್ತಿರ ತಂದುಕೊಳ್ಳುತ್ತಾರೆ. ಸಾಕೆನಿಸಿದಾಗ ಮುಚ್ಚಳ ಹಾಕುತ್ತಾರೆ. ಆತಂಕಕ್ಕೆ, ವಾಕರಿಕೆಗೆ ಇದನ್ನು ಕೊಡುತ್ತೇವೆ.

ಹಾಸಿಗೆಯಲ್ಲಿ ಇರುವವರ ಕೈಯಿಂದ ಎಲ್ಲ ನಿರ್ಧಾರಗಳೂ ಜಾರಿಹೋಗಿರುತ್ತವೆ. ಊಟ ಯಾವಾಗ, ಸ್ನಾನ ಯಾವಾಗ, ಯಾರು ಬರಬೇಕು ಎಲ್ಲವನ್ನೂ ಬೇರೆಯವರು ಹೇಳುತ್ತಾರೆ. ಈ ಪುಟ್ಟ ಕೊಳವೆ ಒಂದು ಅವರ ಕೈಯಲ್ಲಿರುತ್ತದೆ. ನನ್ನ ಮಟ್ಟಿಗೆ ಅದರ ಮುಖ್ಯ ಗುಣವೇ ಅದು.

ಮನೆಯಲ್ಲಿ ಮಾಡುವುದಾದರೆ ಹತ್ತಿ ಉಂಡೆಗೆ ಒಂದೇ ಒಂದು ಹನಿ. ಸಣ್ಣ ಬಟ್ಟಲಲ್ಲಿ ಇಟ್ಟು ತಲೆದಿಂಬಿನಿಂದ ಒಂದು ಮೊಳ ದೂರದಲ್ಲಿಡಿ. ದಿಂಬಿಗೇ ಹನಿಸಬೇಡಿ, ಬೇಡವೆಂದಾಗ ತೆಗೆಯಲು ಆಗುವುದಿಲ್ಲ. ಮೈಗೆ ಹಚ್ಚುವುದಾದರೆ 30 ಮಿಲಿ ಕೊಬ್ಬರಿ ಎಣ್ಣೆಗೆ ಅಥವಾ ಎಳ್ಳೆಣ್ಣೆಗೆ ಆರು ಹನಿ ಮೀರಬಾರದು. ಅದು ಶೇಕಡಾ 1ರಷ್ಟಾಯಿತು. ಇಷ್ಟು ನಿತ್ರಾಣ ಆದವರಿಗೆ ಅದಕ್ಕಿಂತ ಜಾಸ್ತಿ ಬೇಡ. ನೇರವಾಗಿ ಚರ್ಮಕ್ಕೆ ಬೇಡ, ಗಾಯಕ್ಕಂತೂ ಬೇಡವೇ ಬೇಡ, ನುಂಗುವುದಕ್ಕೆ ಎಂದಿಗೂ ಬೇಡ.

ಶಂಕರಪುರದ ಅಕ್ಕ

ಎಣ್ಣೆ ಎಲ್ಲ ನನಗೆ ಗೊತ್ತಿಲ್ಲ. ನಮ್ಮ ಅತ್ತೆಯ ವಿಷಯ ಹೇಳುತ್ತೇನೆ. ನಮ್ಮದು ಮಲ್ಲಿಗೆ ಬೆಳೆಯುವ ಮನೆ. ಅತ್ತೆ ಮದುವೆಯಾಗಿ ಬಂದಾಗಿನಿಂದ ಬೆಳಗ್ಗೆ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಹೂವು ಮಾರುವ ಕಟ್ಟೆಗೆ ಕಳಿಸಿದವರು. ಕೊನೆಯ ದಿನಗಳಲ್ಲಿ ಅವರಿಗೆ ಯಾರ ಗುರುತೂ ಸರಿಯಾಗಿ ಹತ್ತುತ್ತಿರಲಿಲ್ಲ. ಕೈ ಮಾತ್ರ ಹೊದಿಕೆಯ ಅಂಚನ್ನು ಹಿಡಿದು ತಿರುಚುತ್ತಲೇ ಇರುತ್ತಿತ್ತು. ಡಾಕ್ಟರು ಅದನ್ನು ಚಡಪಡಿಕೆ ಎಂದರು.

ಒಂದು ದಿನ ಕೊಯ್ದ ಮೊಗ್ಗಿನ ಬುಟ್ಟಿಯನ್ನು ಸುಮ್ನೆ ಅವರ ಮಗ್ಗುಲಲ್ಲಿ ಇಟ್ಟೆ. ಒಂದು ಎಳೆ ನಾರನ್ನೂ ಕೈಗೆ ಕೊಟ್ಟೆ. ಬೆರಳು ತಾನಾಗಿ ಕೆಲಸ ಶುರು ಮಾಡಿತು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ಗಂಟು. ಗಂಟು ಬಿಗಿಯಾಗುತ್ತಿರಲಿಲ್ಲ, ಮೊಗ್ಗು ಉದುರಿ ಹೋಗುತ್ತಿತ್ತು. ಆದರೂ ಅಷ್ಟು ಹೊತ್ತು ಹಣೆಯ ಗಂಟು ಬಿಚ್ಚಿತ್ತು. ಆಮೇಲೆ ದಿನಾ ಬುಟ್ಟಿ ಮೊದಲು ಅವರ ಹತ್ತಿರ ಹೋಗಿ, ನಂತರ ಅಂಗಳಕ್ಕೆ ಬರುತ್ತಿತ್ತು.

ನಿಮ್ಮ ಅಪ್ಪನಿಗೆ ಯಾವ ಪರಿಮಳ ಇಷ್ಟ ಎಂದು ಕೇಳಿ ನೋಡಿ ತಮ್ಮಾ. ಲ್ಯಾವೆಂಡರ್ ಹೂವನ್ನು ಅವರು ಕಂಡೇ ಇರಲಿಕ್ಕಿಲ್ಲ.

ಗುಳಿಗೆ ಅಂಗಡಿ

ಅಕ್ಕಾ, ನೀವು ಹೇಳಿದ್ದರಲ್ಲಿ ವಿಜ್ಞಾನವೂ ಇದೆ. ಕಣ್ಣು, ಕಿವಿ, ಚರ್ಮದ ಸುದ್ದಿಯೆಲ್ಲ ಮಿದುಳಿನ ಒಂದು ನಿಲ್ದಾಣ ದಾಟಿ ಮುಂದೆ ಹೋಗುತ್ತದೆ. ವಾಸನೆಯ ಸುದ್ದಿಗೆ ಆ ನಿಲ್ದಾಣ ಅಡ್ಡ ಬರುವುದಿಲ್ಲ. ಅದು ನೆನಪು, ಭಾವನೆ ನೋಡಿಕೊಳ್ಳುವ ಭಾಗಗಳಿಗೆ ನೇರ ಹೋಗುತ್ತದೆ. ಎಲ್ಲೋ ಬೆಳೆದ ಹೂವಿನ ಎಣ್ಣೆಗಿಂತ ಇಡೀ ಬದುಕಲ್ಲಿ ಜೊತೆಗಿದ್ದ ವಾಸನೆ ಹೆಚ್ಚು ಕೆಲಸ ಮಾಡಿದರೆ ಅದರಲ್ಲಿ ಆಶ್ಚರ್ಯ ಇಲ್ಲ.

ಒಂಟಿ ಬಾಲ್ಕನಿ

ನಾನು ಬೇರೆ ಮಾತು ಹೇಳಬೇಕು. ನನ್ನ ಯಜಮಾನರಿಗೆ ಹೊಟ್ಟೆಯ ಕ್ಯಾನ್ಸರ್ ಇತ್ತು. ಕೀಮೋ ಆದಮೇಲೆ ಒಂದು ಪರಿಮಳವನ್ನೂ ಅವರು ಸಹಿಸುತ್ತಿರಲಿಲ್ಲ. ಒಗ್ಗರಣೆ ಬೇಡ, ಸೋಪು ಬೇಡ, ನನ್ನ ತಲೆಯ ಎಣ್ಣೆಯೂ ಬೇಡ. ನೋಡಲು ಬಂದವರು ಪ್ರೀತಿಯಿಂದಲೇ ಏನೇನೋ ತರುತ್ತಿದ್ದರು, ರೂಮ್ ಫ್ರೆಶ್‌ನರ್, ಗಂಧದ ಬಾಟಲಿ, ಒಬ್ಬರು ನಿಂಬೆಹುಲ್ಲಿನ ಎಣ್ಣೆ. ಆಮೇಲೆ ವಾಂತಿ ಮಾಡುತ್ತಿದ್ದವರು ಅವರು, ತೊಳೆಯುತ್ತಿದ್ದವಳು ನಾನು.

ನಮ್ಮ ಮನೆಗೆ ಬೇಕಾಗಿದ್ದು ಯಾವ ವಾಸನೆಯೂ ಇಲ್ಲದ ಕೋಣೆ. ಕಿಟಕಿ ಎದುರುಬದುರು ತೆರೆದಿಟ್ಟೆ. ಅಡುಗೆಯನ್ನು ಕೆಳಗಿನ ಮನೆಯವರು ಮಾಡಿ ಕೊಟ್ಟರು. ತಣ್ಣಗಿನ ಮೊಸರನ್ನ, ತಣ್ಣಗಿನ ಎಳನೀರು ಮಾತ್ರ ಒಳಗೆ ಹೋಗುತ್ತಿತ್ತು. ಬಿಸಿ ಊಟದ ವಾಸನೆ ಜಾಸ್ತಿ ಏಳುತ್ತದೆ, ತಣ್ಣಗಿನದು ಅಷ್ಟು ಏಳುವುದಿಲ್ಲ.

ಇನ್ನೊಂದು. ಅವರ ಕೊನೆಯ ವಾರ ಯಾರೋ ಒಂದು ಬಗೆಯ ಧೂಪ ಹಾಕಿದ್ದರು. ಈಗ ಯಾವ ದೇವಸ್ಥಾನದಲ್ಲಿ ಆ ಧೂಪ ಹಾಕಿದ್ದರೂ ನನಗೆ ಒಳಗೆ ಹೋಗಲು ಆಗುವುದಿಲ್ಲ. ಹಬ್ಬದ ದಿನ, ಮಕ್ಕಳ ಹುಟ್ಟುಹಬ್ಬದ ದಿನ ಮನೆಯಲ್ಲಿ ಬಳಸುವ ಪರಿಮಳವನ್ನು ಆ ಕೋಣೆಗೆ ತರುವ ಮೊದಲು ಯೋಚಿಸಿ. ಆಮೇಲೆ ಬದುಕಬೇಕಾದವರು ನಾವು.

ಶಂಕರಪುರದ ಅಕ್ಕ

ನಿಮ್ಮ ಮಾತು ಮನಸ್ಸಿಗೆ ತಾಗಿತು. ನನಗೆ ಮಾತ್ರ ಹಾಗಾಗಲಿಲ್ಲ. ಮಲ್ಲಿಗೆ ಕಟ್ಟುವಾಗ ಅತ್ತೆ ನೆನಪಾಗುತ್ತಾರೆ, ಆಗಲಿ ಎಂದೇ ಕಟ್ಟುತ್ತೇನೆ. ಒಬ್ಬೊಬ್ಬರಿಗೆ ಒಂದೊಂದು ಥರ ಇರಬೇಕು.

ತುಂಗಾತೀರ

ಎಲ್ಲರಿಗೂ ಕೈಮುಗಿಯುತ್ತೇನೆ. ಡಾಕ್ಟರಿಗೆ ಫೋನ್ ಮಾಡಿದೆ. ಮೆಟ್ರೋನಿಡಜೋಲ್ ಪುಡಿಗೆ ಒಪ್ಪಿದರು, ನುಂಗಲೂ ಬರೆದುಕೊಟ್ಟರು. ಉಪ್ಪುನೀರಲ್ಲಿ ನೆನೆಸಿ ಬಿಡಿಸಿದಾಗ ಅಪ್ಪ ಒಮ್ಮೆಯೂ ನರಳಲಿಲ್ಲ. ವಾಸನೆ ಪೂರ್ತಿ ಹೋಗಿಲ್ಲ, ಆದರೆ ಈಗ ಹಜಾರಕ್ಕೆ ಬರುವುದಿಲ್ಲ. ನಿನ್ನೆ ಪಕ್ಕದ ಮನೆಯ ಮಾವ ಬಂದು ಕುರ್ಚಿ ಎಳೆದುಕೊಂಡು ಕೂತು ಮಾತಾಡಿ ಹೋದರು. ಅಪ್ಪ ಗೋಡೆ ಕಡೆ ತಿರುಗಲಿಲ್ಲ.

ಯಾವ ಪರಿಮಳ ಬೇಕು ಎಂದು ಅಪ್ಪನನ್ನೇ ಕೇಳಿದೆ. ಮಾತು ಕಷ್ಟ, ಸ್ಲೇಟಿನಲ್ಲಿ ಬರೆದು ತೋರಿಸುತ್ತಾರೆ. "ಚೊಗರು" ಎಂದು ಬರೆದರು.

ಮಲೆನಾಡಿನವರಿಗೆ ಗೊತ್ತಿರುತ್ತದೆ. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸುವ ಕೆಂಪು ನೀರು ಅದು. ಕೊಯ್ಲಿನ ದಿನಗಳಲ್ಲಿ ಇಡೀ ಅಂಗಳ ಅದರ ವಾಸನೆಯಲ್ಲಿ ಇರುತ್ತದೆ. ರಾತ್ರಿಯೆಲ್ಲ ಸುಲಿಯುವವರ ಮಾತು, ನಗು, ಒಲೆಯ ಬೆಂಕಿ. ಅಪ್ಪ ಹಂಡೆಯ ಪಕ್ಕದಲ್ಲೇ ಇರುತ್ತಿದ್ದರು, ಬೇರೆ ಯಾರನ್ನೂ ಅಡಿಕೆ ತೋಡಲು ಬಿಡುತ್ತಿರಲಿಲ್ಲ.

ಆದರೆ ನನಗೆ ಗಂಟಲು ಕಟ್ಟಿತು. ಎಲೆಅಡಿಕೆ, ಹೊಗೆಸೊಪ್ಪು ಹಾಕಿ ಹಾಕಿಯೇ ಅಲ್ಲವೇ ಈ ಕಾಯಿಲೆ ಬಂದದ್ದು. ಆ ವಾಸನೆಯನ್ನೇ ಕೋಣೆಗೆ ತರಲಾ? ಅಮ್ಮ ಸುತರಾಂ ಬೇಡ ಎನ್ನುತ್ತಾರೆ.

ಗುಳಿಗೆ ಅಂಗಡಿ

ಅಡಿಕೆ ಜಗಿಯುವುದೇ ಕ್ಯಾನ್ಸರಿಗೆ ಕಾರಣ, ಹೊಗೆಸೊಪ್ಪು ಸೇರದಿದ್ದರೂ ಕೂಡ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಅದನ್ನು ಮುಚ್ಚಿಡುವುದಕ್ಕೆ ಆಗುವುದಿಲ್ಲ, ಮನೆಯ ಚಿಕ್ಕವರಿಗೆ ಹೇಳಲೇಬೇಕು. ಆದರೆ ಈಗ ನಿಮ್ಮ ಅಪ್ಪ ಕೇಳುತ್ತಿರುವುದು ಜಗಿಯುವುದಕ್ಕಲ್ಲ. ಒಂದು ಬಟ್ಟಲು ಚೊಗರು ಕೋಣೆಯ ಮೂಲೆಯಲ್ಲಿ ಇದ್ದರೆ ಅವರಿಗೆ ಹೊಸದಾಗಿ ಏನೂ ಕೆಡುಕಾಗುವುದಿಲ್ಲ.

ಲೀಡ್ಸ್‌ನಲ್ಲಿರುವ ಮಂಗಳೂರಿನವಳು

ಅಮ್ಮನ ಸಿಟ್ಟೂ ನ್ಯಾಯವೇ. ಗಂಡನನ್ನು ಕಿತ್ತುಕೊಳ್ಳುತ್ತಿರುವ ವಸ್ತುವಿನ ವಾಸನೆ ಅವರಿಗೆ ಅದು. ಅಪ್ಪನಿಗೆ ಮಾತ್ರ ಅದು ಅವರ ದುಡಿಮೆ, ಅವರ ಅಂಗಳ. ಅಮ್ಮ ತೋಟದ ಕಡೆ ಹೋದ ಹೊತ್ತಿನಲ್ಲಿ, ಮುಚ್ಚಳ ಇರುವ ಡಬ್ಬಿಯಲ್ಲಿ ತಂದು ಸ್ವಲ್ಪ ಹೊತ್ತು ತೆರೆದಿಡಬಹುದು. ಆದರೆ ಅಮ್ಮನಿಗೆ ಮೊದಲೇ ಹೇಳಿ, ಕದ್ದು ಮಾಡಬೇಡಿ.

ಈ ಹಾಸ್ಪೈಸ್ ಆರೈಕೆಯ ಪದ್ಧತಿಯನ್ನು ಕಟ್ಟಿದವರು ಸಿಸಿಲಿ ಸಾಂಡರ್ಸ್. ಮೊದಲು ನರ್ಸ್, ಆಮೇಲೆ ಡಾಕ್ಟರ್ ಆದವರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಶುರು ಮಾಡಿದರು. ನೋವು ಎಂದರೆ ಮೈಯದಷ್ಟೇ ಅಲ್ಲ, ಮನಸ್ಸಿನದು, ಸಂಬಂಧಗಳದು, ನಂಬಿಕೆಯದು ಎಲ್ಲ ಸೇರಿಯೇ ನೋವು ಎಂದು ಕಲಿಸಿದವರು ಅವರೇ. ಹೊತ್ತಿಗೆ ಸರಿಯಾಗಿ ಮಾರ್ಫಿನ್ ಕೊಡುವ ಕ್ರಮವನ್ನೂ ಗಟ್ಟಿ ಮಾಡಿದರು. ಮದ್ದು, ಮನಸ್ಸಿನ ಆರೈಕೆ ಎರಡೂ ಒಟ್ಟಿಗೆ ಇರಬೇಕು ಎನ್ನುವುದನ್ನು ಇಲ್ಲಿ ನಾವು ದಿನಾ ನೋಡುತ್ತೇವೆ.

ಮನೆಮನೆ ನರ್ಸ್

ಊದುಬತ್ತಿಯ ವಿಷಯ ಬಿಟ್ಟುಹೋಗಿದೆ. ಅದನ್ನು ನಿಲ್ಲಿಸಲೇಬೇಕು. ಹೊಗೆ ಎಂದರೆ ಹೊಗೆಯೇ, ಗಂಧದ್ದಾದರೂ ಸರಿ, ಶ್ವಾಸಕ್ಕೆ ಒಳ್ಳೆಯದಲ್ಲ. ಮುಂದೆ ಅಪ್ಪನಿಗೆ ಆಕ್ಸಿಜನ್ ಸಿಲಿಂಡರ್ ಅಥವಾ ಕಾನ್ಸೆಂಟ್ರೇಟರ್ ಬಂದರೆ ಆ ಕೋಣೆಯಲ್ಲಿ ದೀಪ, ಕರ್ಪೂರ, ಊದುಬತ್ತಿ, ಬೀಡಿ ಯಾವ ಬೆಂಕಿಯೂ ಇರಕೂಡದು. ಆಕ್ಸಿಜನ್ ಹರಿಯುವಲ್ಲಿ ಸಣ್ಣ ಕಿಡಿಯೂ ಭಗ್ಗನೆ ಹೊತ್ತಿಕೊಳ್ಳುತ್ತದೆ. ಮಾಸ್ಕ್ ಹಾಕಿದ ಮುಖಕ್ಕೆ ಎಣ್ಣೆ, ವಿಕ್ಸ್ ಹಚ್ಚುವುದೂ ಬೇಡ.

ಅಮ್ಮನಿಗೆ ನೇರವಾಗಿ ಬೇಡ ಎಂದರೆ ಬೇಸರ ಆಗುತ್ತದೆ. ಅವರ ಪಾಲಿಗೆ ಅದು ಪ್ರಾರ್ಥನೆ. ದೇವರ ಕೋಣೆಯಲ್ಲಿ ಹಚ್ಚಲಿ, ಬಾಗಿಲು ಹಾಕಿರಲಿ. ಅಪ್ಪನ ಕೋಣೆಗೆ ತುಳಸಿ ದಳವನ್ನೋ ತೇಯ್ದ ಗಂಧವನ್ನೋ ಚಿಕ್ಕ ಬಟ್ಟಲಲ್ಲಿ ಅವರೇ ತಂದಿಡಲಿ. ಹೊಗೆ ಇಲ್ಲ, ಬೆಂಕಿ ಇಲ್ಲ. ಕೆಲಸವೂ ಅವರದ್ದೇ ಆಗಿ ಉಳಿಯುತ್ತದೆ.

ಲಾವಂಚದ ಬೇರು ಸಿಕ್ಕರೆ ಇನ್ನೂ ಒಳ್ಳೆಯದು. ನೀರು ಚಿಮುಕಿಸಿ ಕಿಟಕಿಗೆ ಕಟ್ಟಿದರೆ ಗಾಳಿ ತಂಪಾಗುತ್ತದೆ, ಮಣ್ಣಿನ ಪರಿಮಳ ಬರುತ್ತದೆ. ಮೂಗಿಗೆ ಹೊಡೆಯುವುದಿಲ್ಲ. ಬೇರು ಬೂಸು ಹಿಡಿಯದಂತೆ ಆಗಾಗ ಬಿಸಿಲಿಗೆ ಹಾಕಿ.

ಕೃಷ್ಣೆಯ ದಂಡೆ

ನಮ್ಮ ಕಾಕಾಗೆ ಶ್ವಾಸಕೋಶದ ಕಾಯಿಲೆ. ಉಸಿರು ಸಾಲದೆ ಒದ್ದಾಡುತ್ತಾರೆ. ನೀಲಗಿರಿ ಎಣ್ಣೆಯನ್ನು ಬಿಸಿನೀರಿಗೆ ಹಾಕಿ ಹಬೆ ಕೊಡು ಎಂದು ಎಲ್ಲರೂ ಹೇಳುತ್ತಿದ್ದಾರೆ. ಕೊಡಬಹುದೇನ್ರಿ?

ಮನೆಮನೆ ನರ್ಸ್

ನಿತ್ರಾಣ ಆದವರಿಗೆ ಹಬೆ ಬೇಡ ಅಣ್ಣ. ಬಿಸಿನೀರು ಮೈಮೇಲೆ ಚೆಲ್ಲಿದರೆ ಇನ್ನೊಂದು ಕಷ್ಟ. ಘಾಟು ಕೆಲವರಿಗೆ ಉಸಿರನ್ನು ಇನ್ನೂ ಬಿಗಿ ಮಾಡುತ್ತದೆ. ನೀಲಗಿರಿ ಎಣ್ಣೆ ಹೊಟ್ಟೆಗೆ ಹೋದರೆ ವಿಷ. ಬಾಟಲಿ ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಅದರ ಬದಲು ಬೀಸಣಿಗೆ. ನಿಜವಾಗಿ ಹೇಳುತ್ತಿದ್ದೇನೆ. ಕೇಂಬ್ರಿಡ್ಜ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 50 ಜನರಿಗೆ ಕೈಯಲ್ಲಿ ಹಿಡಿಯುವ ಸಣ್ಣ ಫ್ಯಾನ್ ಕೊಟ್ಟು, ಒಮ್ಮೆ ಮುಖಕ್ಕೆ, ಒಮ್ಮೆ ಕಾಲಿಗೆ ಗಾಳಿ ಹಾಯಿಸಿಕೊಳ್ಳಲು ಹೇಳಿದರು. ಮುಖಕ್ಕೆ ಗಾಳಿ ಹಾಯ್ದಾಗ ಉಸಿರಿನ ಸಂಕಟ ಇಳಿಯಿತು. ಮೂಗಿನ ಅಕ್ಕಪಕ್ಕ, ಕೆನ್ನೆಯ ಮೇಲೆ ಗಾಳಿ ತಾಗಿದರೆ ಅಲ್ಲಿನ ನರಗಳು ಗಾಳಿ ಬರುತ್ತಿದೆ ಎಂದು ಮಿದುಳಿಗೆ ಹೇಳುತ್ತವೆ. ಕಾಕಾರನ್ನು ಒರಗಿಸಿ ಕೂರಿಸಿ, ಕಿಟಕಿ ತೆರೆಯಿರಿ, ಮುಖದ ಮುಂದೆ ನಿಧಾನವಾಗಿ ಬೀಸಿ. ಲಾವಂಚದ ಬೀಸಣಿಗೆ ಸಿಕ್ಕರೆ ನೀರು ಚಿಮುಕಿಸಿಕೊಂಡು ಬೀಸಿ, ಅವರಿಗೆ ಆ ಪರಿಮಳ ಹಿಡಿಸಿದರೆ ಮಾತ್ರ. ಇಷ್ಟಕ್ಕೂ ಸಂಕಟ ಇಳಿಯದಿದ್ದರೆ ಡಾಕ್ಟರನ್ನು ಕೇಳಿ. ಉಸಿರಿನ ಸಂಕಟಕ್ಕೂ ಸಣ್ಣ ಪ್ರಮಾಣದ ಮಾರ್ಫಿನ್ ಕೊಡುವುದಿದೆ.

ಕೃಷ್ಣೆಯ ದಂಡೆ

ಮಾರ್ಫಿನ್ ನಮ್ಮ ಊರ ಕಡೆ ಸಿಗೋದೇ ಇಲ್ಲ ಅಂತಾರೆ.

ಗುಳಿಗೆ ಅಂಗಡಿ

ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ, ನಿಜ. ಮಾದಕ ವಸ್ತುಗಳ ಕಾನೂನಿನ ಕಾರಣ ಹಿಂದೆ ಹಲವು ಪರವಾನಗಿ ಬೇಕಿದ್ದವು. 2014ರ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಟುಕೊಳ್ಳುವುದು ಸುಲಭವಾಗಿದೆ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ, ಮಣಿಪಾಲದಂತೆ ಪ್ಯಾಲಿಯೇಟಿವ್ ವಿಭಾಗ ಇರುವ ದೊಡ್ಡ ಆಸ್ಪತ್ರೆಗಳಲ್ಲಿ ವಿಚಾರಿಸಿ. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆಯ ಹಾಗೆ ಜಿಲ್ಲೆ ಜಿಲ್ಲೆಯಲ್ಲಿ ಇದು ಸಿಗಬೇಕು. ಸಿಗದೆ ಜನ ನರಳುವುದು ನನಗೆ ಸಹಿಸಲಾಗದ ವಿಷಯ. ಎಣ್ಣೆ, ಪರಿಮಳ ಎಲ್ಲ ಅದಾದ ನಂತರದ ಮಾತು.

ಲೀಡ್ಸ್‌ನಲ್ಲಿರುವ ಮಂಗಳೂರಿನವಳು

ಹಾಸ್ಪೈಸ್ ಎಂದರೆ ವಿದೇಶದ್ದು ಎಂದು ಯಾರೂ ಅಂದುಕೊಳ್ಳಬೇಡಿ. ಮುಂಬೈಯಲ್ಲಿ ಶಾಂತಿ ಆವೇದನಾ ಸದನ ಶುರುವಾದದ್ದು 1986ರಲ್ಲಿ. ಬೆಂಗಳೂರಿನ ಕರುಣಾಶ್ರಯ 1999ರಿಂದ ರೋಗಿಗಳನ್ನು ನೋಡಿಕೊಳ್ಳುತ್ತಿದೆ, ಹಣ ತೆಗೆದುಕೊಳ್ಳುವುದಿಲ್ಲ. ಮನೆಗೆ ಬಂದು ನೋಡುವ ತಂಡವೂ ಅವರಲ್ಲಿದೆ. ಮನೆಯಲ್ಲಿ ನೋಡಿಕೊಳ್ಳಲು ಕೈಲಾಗದೆ ಹೋದರೆ ಅಂಥಲ್ಲಿಗೆ ಕರೆದುಕೊಂಡು ಹೋಗುವುದು ಕೈಬಿಟ್ಟಂತೆ ಅಲ್ಲ.

ತೈಲದ ಕೈ

ನಾನು ಆಯುರ್ವೇದ ಕೇಂದ್ರದಲ್ಲಿ ಅಭ್ಯಂಗ ಮಾಡುವವಳು. ಮಸಾಜ್ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಈ ಹಂತದಲ್ಲಿ ತಿಕ್ಕುವುದು, ಹಿಸುಕುವುದು ಬೇಡ. ಅಂಗೈ, ಪಾದ, ಮುಂಗೈ ಇಷ್ಟೇ ಸಾಕು. ಉಗುರುಬೆಚ್ಚಗಿನ ಎಣ್ಣೆ ಕೈಗೆ ಹಚ್ಚಿಕೊಂಡು, ಅವರ ಉಸಿರಿನ ಲಯಕ್ಕೆ ಸವರಬೇಕು. ಗಡ್ಡೆ ಇರುವ ಜಾಗ, ರೇಡಿಯೇಷನ್ ಕೊಟ್ಟ ಚರ್ಮ, ಒಂದೇ ಕಾಲು ಊದಿ ಬಿಸಿಯಾಗಿ ನೋಯುತ್ತಿದ್ದರೆ ಆ ಕಾಲು, ಇವನ್ನು ಮುಟ್ಟಬೇಡಿ. ಕಾಲಿನೊಳಗೆ ರಕ್ತ ಹೆಪ್ಪುಗಟ್ಟಿದ್ದರೆ ತಿಕ್ಕಿದಾಗ ಅಪಾಯ. ಕ್ಯಾನ್ಸರ್ ಮೂಳೆಗೆ ಹರಡಿದ್ದರೆ ಆ ಭಾಗಕ್ಕೆ ಒತ್ತಡ ಬೇಡ.

ಶ್ರೀಗಂಧದ ಎಣ್ಣೆ ತರಲಾ ಎಂದು ಬಹಳ ಜನ ಕೇಳುತ್ತಾರೆ. ಅಸಲಿ ಗಂಧದೆಣ್ಣೆ ತುಂಬ ದುಬಾರಿ. ಮೈಸೂರು ಸಂಸ್ಥಾನದಲ್ಲಿ 1916ರಲ್ಲಿ ಕಾರ್ಖಾನೆ ಶುರುವಾದಾಗಿನಿಂದ ನಮ್ಮ ಗಂಧದೆಣ್ಣೆಗೆ ಹೆಸರಿದೆ, ಹಾಗಾಗಿ ಕಲಬೆರಕೆಯೂ ಅಷ್ಟೇ ಇದೆ. ಅಗ್ಗಕ್ಕೆ ಸಿಗುವ ಬಾಟಲಿಯಲ್ಲಿ ಇರುವುದು ಹೆಚ್ಚಾಗಿ ಕೃತಕ ಸೆಂಟು. ಅದನ್ನು ಮೈಗೆ ಹಚ್ಚಬೇಡಿ. ಒಂದು ಗಂಧದ ಕೊರಡು, ಸಾಣೆಕಲ್ಲು, ನಾಲ್ಕು ಹನಿ ನೀರು. ಅದಕ್ಕಿಂತ ಶುದ್ಧವಾದ ಗಂಧ ಯಾವ ಬಾಟಲಿಯಲ್ಲೂ ಸಿಗುವುದಿಲ್ಲ.

ಒಂಟಿ ಬಾಲ್ಕನಿ

ಒಂದು ಪ್ರಶ್ನೆ. ಪ್ರಜ್ಞೆ ಮಸುಕಾದ ಮೇಲೆ ಅವರು ಬೇಕು ಬೇಡ ಹೇಳಲಾರರು. ಆಗ ಯಾರು ತೀರ್ಮಾನ ಮಾಡಬೇಕು?

ಲೀಡ್ಸ್‌ನಲ್ಲಿರುವ ಮಂಗಳೂರಿನವಳು

ಅದಕ್ಕೇ ಮೊದಲೇ ಕೇಳಿ ಬರೆದಿಟ್ಟುಕೊಳ್ಳುತ್ತೇವೆ, ಯಾವುದು ಇಷ್ಟ, ಯಾವುದು ಆಗದು ಎಂದು. ಬರೆದಿಡದಿದ್ದರೆ ಮುಖ ನೋಡಬೇಕು. ಹುಬ್ಬು ಗಂಟಿಕ್ಕಿದರೆ, ತಲೆ ಆಚೆ ತಿರುಗಿಸಿದರೆ, ಉಸಿರು ಜೋರಾದರೆ, ಆ ಬಟ್ಟಲನ್ನು ತಕ್ಷಣ ಹೊರಗೆ ಒಯ್ಯಿರಿ. ಅನುಮಾನ ಇದ್ದರೆ ಬೇಡವೇ ಬೇಡ. ಶುದ್ಧ ಗಾಳಿ ಯಾರಿಗೂ ಕೆಟ್ಟದ್ದು ಮಾಡುವುದಿಲ್ಲ.

ತುಂಗಾತೀರ

ಅಮ್ಮನ ಹತ್ತಿರ ಕೂತು ಮಾತಾಡಿದೆ. ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಅವರೇ ಹಳೆಯ ಚೊಗರು ಎಲ್ಲಿದೆ ಎಂದು ಹೇಳಿದರು. ತಾನು ಮಾತ್ರ ಆ ಹೊತ್ತಿನಲ್ಲಿ ಒಳಗೆ ಬರುವುದಿಲ್ಲ ಎಂದರು. ಸರಿ ಎಂದೆ. ಮಧ್ಯಾಹ್ನ ಡಬ್ಬಿ ತೆರೆದಿಡುತ್ತೇನೆ. ಮಗ ಅಜ್ಜನ ಸ್ಲೇಟಿನಲ್ಲಿ ಹಂಡೆಯ ಚಿತ್ರ ಬರೆದು, ಹೇಗೆ ಬೇಯಿಸುವುದು ಎಂದು ಕೇಳಿದ. ಅಪ್ಪ ಕೈಸನ್ನೆಯಲ್ಲೇ ಎಲ್ಲ ಹೇಳಿಕೊಟ್ಟರು.

ಲ್ಯಾವೆಂಡರನ್ನು ಅಮ್ಮ ರಾತ್ರಿ ತಮ್ಮ ಹತ್ತಿರ ಇಟ್ಟುಕೊಳ್ಳುತ್ತಾರೆ. ಹತ್ತಿಗೆ ಒಂದು ಹನಿ. ನಿದ್ದೆ ಬರುತ್ತದಂತೆ. ನೋಡಿಕೊಳ್ಳುವವರಿಗೂ ಏನಾದರೂ ಬೇಕಲ್ಲವಾ.

ಕೊನೆಯದಾಗಿ ಒಂದು. ನಮ್ಮ ಮನೆಯ ಬೆಕ್ಕು ಇಡೀ ದಿನ ಅಪ್ಪನ ಕಾಲ ಹತ್ತಿರ ಮಲಗಿರುತ್ತದೆ. ಅತ್ತಿಗೆ ಕಳಿಸಿದ ಡಬ್ಬದಲ್ಲಿ ಟೀ ಟ್ರೀ ಎಣ್ಣೆಯೂ ಇದೆ. ಬೆಕ್ಕಿಗೆ ತೊಂದರೆ ಇದೆಯಾ?

ಮನೆಮನೆ ನರ್ಸ್

ಇದೆ. ಈ ಎಣ್ಣೆಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಕಮ್ಮಿ. ತುಪ್ಪಳದ ಮೇಲೆ ಬಿದ್ದದ್ದನ್ನು ಅದು ನೆಕ್ಕಿಕೊಳ್ಳುತ್ತದೆ. ಟೀ ಟ್ರೀ ಅದಕ್ಕೆ ವಿಷವೇ. ಆ ಬಾಟಲಿಯನ್ನು ತೆರೆಯದೆ ವಾಪಸ್ ಕಳಿಸಿ, ಡಿಫ್ಯೂಸರ್ ಕೂಡ ಹಚ್ಚಬೇಡಿ. ಅಮ್ಮನ ಹತ್ತಿ ಉಂಡೆ ಬೆಳಗ್ಗೆ ಎದ್ದ ಕೂಡಲೇ ಮುಚ್ಚಳದ ಡಬ್ಬಿಗೆ ಹೋಗಲಿ. ಬೆಕ್ಕು ಅಪ್ಪನ ಹತ್ತಿರವೇ ಇರಲಿ, ಗಾಯದ ಬಟ್ಟೆಯ ಹತ್ತಿರ ಮಾತ್ರ ಬಿಡಬೇಡಿ.